ದಾಖಲಾ ರಜಿಸ್ಟರಿನ ನಲವತ್ತೊಂದು ಫೈಲುಗಳು

"ನಮ್ಮೂರ ಶಾಲೆಗೆ ಮೊದಲು ಕಾಲಿಟ್ಟ ಹೆಣ್ಣುಮಗಳು ದೊಡ್ಡಮನೆಯ ಗೌಡರ ಮಗಳು. ಆಕೆಯನ್ನು ಕಂಡು ಊರಿನ ಎಲ್ಲ ಓಣಿಗಳವರೂ ತಮ್ಮ ಹೆಣ್ಣುಮಕ್ಕಳನ್ನು ಕಳಿಸಿದರು. ಬಡವರು ಬಲ್ಲಿದರೆನ್ನದೆ ಎಲ್ಲರೂ ಒಂದೇ ಚಾಪೆಯ ಮೇಲೆ ಕುಳಿತು ಅಕ್ಷರ ಕಲಿತರು."

ಈ ಮೂರು ವಾಕ್ಯಗಳು ನಮ್ಮ ಶಾಲೆಯ ಹಳೆಯ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಿವೆ. ಅಚ್ಚಾಗುವ ಮೊದಲು ಅವು ಧ್ವಜವಂದನೆಯ ಭಾಷಣಗಳಲ್ಲಿದ್ದವು. ಅಚ್ಚಾದ ಮೇಲೆ ಪ್ರತಿಯೊಬ್ಬ ಭಾಷಣಕಾರನೂ ಸಂಚಿಕೆಯನ್ನೇ ಸಾಕ್ಷಿಯಾಗಿ ಎತ್ತಿಹಿಡಿಯತೊಡಗಿದ. ಚಿತ್ತಾಪುರ ತಾಲೂಕಿನಲ್ಲಿ, ಗುಂಡಗುರ್ತಿಯ ಆಚೆ, ಕಾಳಗಿಯ ದಾರಿಯಿಂದ ಒಳಗೆ ತಿರುಗಿದರೆ ಸಿಗುವ ಊರು ನಮ್ಮದು. ಊರಿನ ಹೆಸರನ್ನಾಗಲಿ ಜನರ ಹೆಸರನ್ನಾಗಲಿ ನಾನಿಲ್ಲಿ ಬರೆಯುವುದಿಲ್ಲ. ಸತ್ತವರ ಮಕ್ಕಳು ನಮ್ಮ ನಡುವೆ ಇದ್ದಾರೆ, ಅವರಲ್ಲಿ ಕೆಲವರು ನನಗೆ ಬೇಕಾದವರು.

ನಾನು ಏಳನೆಯ ಇಯತ್ತೆಯವರೆಗೆ ಮಾತ್ರ ಓದಿದವನು. ಶಹಾಬಾದಿನ ಕಲ್ಲು ಪಾಲಿಶ್ ಕಾರ್ಖಾನೆಯೊಂದರಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲುಗಳ ಅಳತೆ ಹಿಡಿಯುತ್ತ ಆಯುಷ್ಯ ಕಳೆದೆ. ಉಳಿದ ಓದು ಚಿತ್ತಾಪುರದ ಗ್ರಂಥಾಲಯದಲ್ಲಿ, ರಜೆಯ ದಿನಗಳಲ್ಲಿ, ನಾನೇ ಮಾಡಿಕೊಂಡದ್ದು. ಕಲ್ಲಿನ ಕೆಲಸ ಕಲಿಸಿದ ಒಂದು ಬುದ್ಧಿಯೆಂದರೆ, ಹೇಳಿದ ಅಳತೆಯನ್ನು ಬರೆದುಕೊಳ್ಳದೆ ಟೇಪು ಹಿಡಿದು ನೋಡುವುದು. ಮಳಖೇಡದ ಕೋಟೆಯಿಂದ ನಮ್ಮೂರ ಗುಡಿಯವರೆಗೆ ಸುರಂಗವಿದೆ ಎಂದು ಊರೆಲ್ಲ ಹೇಳುತ್ತಿದ್ದಾಗ ನಾನು ಲಾಟೀನು ಹಿಡಿದು ಇಳಿದು, ಅದು ಜೋಳ ತುಂಬುವ ಹಗೇವು ಎಂದು ತೋರಿಸಿದವನು. ಅಂದಿನಿಂದ ನನಗೆ ಊರಿನಲ್ಲಿ ಗೌರವವೂ ಇದೆ, ನನ್ನನ್ನು ಕಂಡರೆ ಮಾತು ನಿಲ್ಲಿಸುವ ಅಭ್ಯಾಸವೂ ಇದೆ.

ಗೌಡರ ಮಗಳ ಕಥೆಯನ್ನು ನಾನು ನಂಬಿರಲಿಲ್ಲ. ನಂಬದಿರಲು ನನಗೊಂದು ಕಾರಣವಿತ್ತು. ಕೆಳಗಿನ ಓಣಿಯಲ್ಲಿ ಕಲ್ಲು ಒಡೆಯುವ ಒಂದು ಕುಟುಂಬವಿತ್ತು. ಅವರದು ಈಗ ಬೌದ್ಧ ಮನೆತನ. ಆ ಮನೆಯ ಮಗಳೊಬ್ಬಳು ಅದೇ ಕಾಲದಲ್ಲಿ ಶಾಲೆಗೆ ಹೋಗಿದ್ದಳೆಂದು ನನ್ನ ತಾಯಿ ಹೇಳುತ್ತಿದ್ದಳು. ಆ ಮಗಳು ಈಗ ತೊಂಬತ್ತರ ಹತ್ತಿರದ ಮುದುಕಿ. ಚಿಂಚೋಳಿಯಲ್ಲಿ ತನ್ನ ಮಗಳ ಮನೆಯಲ್ಲಿದ್ದಾಳೆ. ನಾನು ಆಕೆಯನ್ನು ಅವ್ವ ಎಂದು ಕರೆಯುತ್ತೇನೆ.

ಶಾಲೆಗೆ ಹೊಸ ಕೋಣೆ ಕಟ್ಟುವ ಕಾಲಕ್ಕೆ, ಬಾಗಿಲ ಪಕ್ಕದಲ್ಲಿ ಶಹಾಬಾದ್ ಕಲ್ಲಿನ ಮೇಲೆ ಶಾಲೆಯ ಮೊದಲ ವಿದ್ಯಾರ್ಥಿನಿಯ ಹೆಸರನ್ನು ಕೆತ್ತಿಸಬೇಕೆಂದು ಶಾಲಾ ಸಮಿತಿ ನಿರ್ಧರಿಸಿತು. ನಾನು ಸಭೆಯಲ್ಲಿ ಎದ್ದು ನಿಂತು, ಆ ಹೆಸರು ಯಾವುದೆಂದು ಯಾರಿಗೂ ಗೊತ್ತಿಲ್ಲ ಎಂದೆ. ಮುಖ್ಯಗುರುಮಾತೆ ಸೇಡಂನಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ಹೆಣ್ಣುಮಗಳು, ಮಾತಿನಲ್ಲಿ ಚುರುಕು. ನೀವು ಎಲ್ಲದಕ್ಕೂ ಪುರಾವೆ ಕೇಳುವವರು, ಈ ಸಲ ನೀವೇ ಪುರಾವೆ ತನ್ನಿ ಎಂದು ನನ್ನ ಮೇಲೆಯೇ ಹೊರೆ ಹಾಕಿದಳು.

ಪುರಾವೆ ಶಾಲೆಯ ಕಬ್ಬಿಣದ ಕಪಾಟಿನಲ್ಲೇ ಇತ್ತು. ಹೈದರಾಬಾದ್ ಸಂಸ್ಥಾನದ ಕಾಲದ ದಾಖಲಾ ರಜಿಸ್ಟರ್, ಕೈಬರಹದ ಉರ್ದು. ಪುಟಗಳ ಹೊರ ಅಂಚನ್ನು ಗೆದ್ದಲು ತಿಂದಿತ್ತು. ಕ್ರಮಸಂಖ್ಯೆ ಮತ್ತು ತಾರೀಖು ಇರಬೇಕಾದಲ್ಲಿ ಜರಡಿಯಂಥ ಕಾಗದ ಉಳಿದಿತ್ತು. ನನಗೆ ಉರ್ದು ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ನಮ್ಮ ಭಾಗದಲ್ಲಿ ನನ್ನ ವಯಸ್ಸಿನ ಬಹಳ ಜನರ ಸ್ಥಿತಿ ಇದೇ. ಓದಬಲ್ಲವರ ಹತ್ತಿರ ಒಯ್ಯಬಹುದಿತ್ತು. ಆದರೆ ಹಿಂದೊಮ್ಮೆ ಒಂದು ಹೊಲದ ಕಾಗದವನ್ನು ಓದಿಸಲು ಹೋದಾಗ, ಓದಿದವರು ಕಾಗದದಲ್ಲಿದ್ದದ್ದಕ್ಕಿಂತ ತಮಗೆ ಗೊತ್ತಿದ್ದದ್ದನ್ನೇ ಹೆಚ್ಚು ಹೇಳಿದ್ದರು.

ಆಗ ಮುಖ್ಯಗುರುಮಾತೆ ತನ್ನ ಎಐ ಚಾಟಿನಲ್ಲಿ ಶಾಲೆಯ ಇತಿಹಾಸಕ್ಕೆಂದೇ ಒಂದು ವರ್ಕ್‌ಸ್ಪೇಸ್ ತೆರೆದಳು. ಅದರಲ್ಲಿ ಕಾಗದಗಳ ಫೋಟೊ ಹಾಕಿಟ್ಟರೆ ಯಂತ್ರ ಅವನ್ನು ಓದಿ, ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಉತ್ತರದ ಕೆಳಗೆ ಯಾವ ಫೈಲಿನಿಂದ ತೆಗೆದದ್ದು ಎಂಬುದನ್ನೂ ಹೇಳುತ್ತದೆ. ಆ ಯಂತ್ರಕ್ಕೆ ನಮ್ಮೂರಿನಲ್ಲಿ ನೆಂಟರಿಲ್ಲ ಎಂಬುದೇ ನನಗೆ ಹಿಡಿಸಿದ ಗುಣ.

ಶಾಲೆಯ ಕಚೇರಿಯ ಮೇಜಿನ ಮೇಲೆ ರಜಿಸ್ಟರನ್ನಿಟ್ಟು, ಒಂದು ಪುಟಕ್ಕೊಂದರಂತೆ ನಲವತ್ತೊಂದು ಫೋಟೊ ತೆಗೆದೆ. ರಜಿಸ್ಟರಿಗೆ ಯಾರೋ ಮುಂದಿನ ಕಾಲದವರು ಖಾಕಿ ಬಟ್ಟೆಯ ಹೊದಿಕೆ ಹಾಕಿ, ಒಂದು ಬದಿಗೆ ಕನ್ನಡದ ಚೀಟಿ ಅಂಟಿಸಿದ್ದರು. ಆ ಚೀಟಿ ಇದ್ದ ಬದಿಯಿಂದ ಶುರುಮಾಡಿದೆ. ಫೋನು ಕೊಟ್ಟ ಹೆಸರುಗಳನ್ನು ತೆಗೆದು ಒಂದು, ಎರಡು ಎಂದು ನಾನೇ ಹೆಸರಿಟ್ಟು ಅಪ್‌ಲೋಡ್ ಮಾಡಿದೆ. ಫೋನಿನಲ್ಲಿ ಅವು ಅಂಕಿಯ ಕ್ರಮ ಬಿಟ್ಟು, ಒಂದು ಆದ ಮೇಲೆ ಹತ್ತು ಬಂದು ಎರಡು ದೂರ ಹೋಗುವುದನ್ನು ಕಂಡು, ಆ ಹೆಸರುಗಳನ್ನೆಲ್ಲ ಅಳಿಸಿ, ಸೊನ್ನೆ ಒಂದು, ಸೊನ್ನೆ ಎರಡು ಎಂದು ಮತ್ತೆ ಹೆಸರಿಟ್ಟು ಮತ್ತೆ ಅಪ್‌ಲೋಡ್ ಮಾಡಿದೆ. ಆ ದಿನ ಮಧ್ಯಾಹ್ನದ ಬಿಸಿಲಿಗೆ ಪರ್ಸಿ ಹಾಸಿದ ಕೋಣೆ ಒಲೆಯಾಗಿತ್ತು. ಆದರೂ ಕ್ರಮ ತಪ್ಪಬಾರದೆಂದು ಎದ್ದು ನೀರು ಕುಡಿಯಲಿಲ್ಲ. ಫೈಲುಗಳು ಪುಟಗಳ ಕ್ರಮದಲ್ಲೇ ಇವೆ, ಹಾಗೆಯೇ ಓದಬೇಕು ಎಂದು ಯಂತ್ರಕ್ಕೆ ಬರೆದು ಹೇಳಿದೆ.

ಅಷ್ಟಕ್ಕೆ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಹಳೆಯ ಸಂಚಿಕೆಯನ್ನು ಖಂಡಿಸಿ ನಾನು ಬರೆದಿದ್ದ ಲೇಖನವನ್ನೂ ಹಾಕಿದೆ. ಅದೇ ಲೇಖನ ಒಂದು ವಾರಪತ್ರಿಕೆಯಲ್ಲಿ ಬಂದಿತ್ತು, ಅದರ ಕತ್ತರಿಸಿದ ತುಣುಕನ್ನೂ ಹಾಕಿದೆ. ಚಿಂಚೋಳಿಗೆ ಹೋಗಿ ಅವ್ವನನ್ನು ಕೇಳಿ ಬಂದು ಬರೆದ ಟಿಪ್ಪಣಿಯನ್ನೂ ಹಾಕಿದೆ. ಎಲ್ಲ ಒಂದೆಡೆ ಇರಲಿ ಎಂಬುದಷ್ಟೇ ನನ್ನ ಆಸೆ.

ನಂತರ ಕೇಳಿದೆ: ಈ ಶಾಲೆಗೆ ದಾಖಲಾದ ಮೊದಲ ಹುಡುಗಿ ಯಾರು?

ಉತ್ತರ ಬಂತು. ಮೂವತ್ತನೆಯ ಫೈಲಿನಲ್ಲಿ ಒಬ್ಬ ಹುಡುಗಿಯ ಹೆಸರಿದೆ, ತಂದೆಯ ಕಸುಬು ಸಂಗ್‌ತರಾಶ್, ಅಂದರೆ ಕಲ್ಲುಕುಟಿಗ. ಮೂವತ್ತನಾಲ್ಕನೆಯ ಫೈಲಿನಲ್ಲಿ ಗೌಡರ ಮಗಳ ಹೆಸರಿದೆ. ಇವೆರಡನ್ನು ಬಿಟ್ಟು ಬೇರೆ ಹುಡುಗಿಯರ ಹೆಸರಿಲ್ಲ. ನೀವು ಕೊಟ್ಟ ಕ್ರಮದ ಪ್ರಕಾರ ಕಲ್ಲುಕುಟಿಗನ ಮಗಳೇ ಮೊದಲಿಗಳು. ಇನ್ನೂ ಮೂರು ದಾಖಲೆಗಳು ಇದನ್ನು ಸಮರ್ಥಿಸುತ್ತವೆ.

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಅಂದೇ ಚಿಂಚೋಳಿಗೆ ಫೋನು ಮಾಡಿ, ಅವ್ವನಿಗೆ ಹೇಳಿಬಿಟ್ಟೆ. ಆಕೆ, ಕಲ್ಲಿನ ಮೇಲೆ ತಂದೆಯ ಹೆಸರೂ ಬರುತ್ತದೆಯೇ ಎಂದು ಕೇಳಿದಳು. ಬರುತ್ತದೆ ಎಂದೆ.

ಸಮಿತಿಯ ಅಧ್ಯಕ್ಷರು ದೊಡ್ಡಮನೆಯವರೇ, ಆ ಗೌಡರ ಮಗಳ ಸೋದರಳಿಯ. ನಾನು ಉತ್ತರದ ಪ್ರತಿಯನ್ನು ಸಭೆಯಲ್ಲಿ ಓದಿದಾಗ ಅವರು ಜಗಳ ತೆಗೆಯುತ್ತಾರೆಂದು ಎದೆ ಗಟ್ಟಿಮಾಡಿಕೊಂಡಿದ್ದೆ. ಅವರು ಕಾಗದವನ್ನು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟರು.

"ನಮ್ಮತ್ತಿ ಮೊದಲಲ್ಲ ಅಂದ್ರ ಮೊದಲಲ್ಲ. ಕಾಗದ ಮಾತಾಡಿದ ಮ್ಯಾಲ ನಾ ಏನ್ ಮಾತಾಡ್ಲಿ ಕಾಕಾರ? ಕಲ್ಲಿಗಿ ಹೇಳಿಬಿಡ್ರಿ."

ಅವರ ಆ ಸೌಜನ್ಯವೇ ಮುಂದೆ ನನ್ನ ಕತ್ತು ಹಿಸುಕಿತು. ಶಹಾಬಾದಿನಲ್ಲಿ ನನ್ನ ಹಳೆಯ ಪರಿಚಯದ ಕಲ್ಲಿನ ಕಾರ್ಖಾನೆಗೆ ಹೋಗಿ, ಕಪ್ಪು ಛಾಯೆಯ ಒಂದು ಕಲ್ಲನ್ನು ನಾನೇ ಆರಿಸಿ, ಅಳತೆ ಹಿಡಿದು, ಬರೆಯಬೇಕಾದ ಸಾಲುಗಳನ್ನು ಬರೆದುಕೊಟ್ಟು ಬಂದೆ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಮುಖ್ಯಗುರುಮಾತೆ ಹಳೆಯ ಶಿಕ್ಷಕರ ಪಟ್ಟಿಗಳನ್ನು ಹಾಕಲು ಹೋದರೆ ವರ್ಕ್‌ಸ್ಪೇಸ್ ಒಪ್ಪಲಿಲ್ಲ.

"ಜಾಗಾ ಮುಗದದ್ರಿ ಕಾಕಾರ," ಎಂದಳು. "ನಿಮ್ಮ ಫೈಲೇ ಭಾಳ ಅವ. ಬ್ಯಾಡಾದವು ಯಾವು ನೋಡಿ ತೆಗೀರಿ."

ನಾನು ಕಚೇರಿಯ ಕಂಪ್ಯೂಟರಿನ ಮುಂದೆ ಕುಳಿತು, ಮೊದಲ ಸಲ ಫೈಲುಗಳ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದೆ. ಅಲ್ಲಿಯವರೆಗೆ ನಾನು ಉತ್ತರಗಳನ್ನು ಓದಿದ್ದೆನೇ ಹೊರತು ಪಟ್ಟಿಯನ್ನು ಓದಿರಲಿಲ್ಲ. ಮೊದಲು ತಪ್ಪು ಹೆಸರಿಟ್ಟಿದ್ದ ನಲವತ್ತೊಂದೂ ಅಲ್ಲೇ ಕುಳಿತಿದ್ದವು. ಆ ಹೆಸರುಗಳನ್ನು ಅಳಿಸಿದ್ದು ನನ್ನ ಫೋನಿನಲ್ಲಿ ಮಾತ್ರ. ಅದರ ಕೆಳಗೆ ನನ್ನ ಲೇಖನ, ವಾರಪತ್ರಿಕೆಯ ತುಣುಕು, ನನ್ನ ಟಿಪ್ಪಣಿ. ಸಮರ್ಥಿಸುವ ಮೂರು ದಾಖಲೆಗಳು ಎಂದು ಯಂತ್ರ ಹೇಳಿದ್ದು ಇವನ್ನೇ. ಮೂರೂ ನಾನೇ.

ಬೇರೆಯವರ ಇಂಥ ಸಾಕ್ಷ್ಯಗಳನ್ನು ನಾನು ಎಷ್ಟು ಸಲ ನಗೆಪಾಟಲು ಮಾಡಿದ್ದೆನೋ ಲೆಕ್ಕವಿಲ್ಲ. ಭಾಷಣದಿಂದ ಸಂಚಿಕೆಗೆ, ಸಂಚಿಕೆಯಿಂದ ಭಾಷಣಕ್ಕೆ ಹೋಗುವ ಮಾತನ್ನು ನಾನು ಗಾಣದ ಎತ್ತು ಎಂದು ಕರೆದಿದ್ದೆ. ಈಗ ಮೂಗುದಾಣ ನನ್ನ ಮೂಗಿನಲ್ಲಿತ್ತು.

ಮೂರನ್ನೂ ಡಿಲೀಟ್ ಮಾಡಿ ಅದೇ ಸಂಭಾಷಣೆಯಲ್ಲಿ ಮತ್ತೆ ಕೇಳಿದೆ. ಅದೇ ಉತ್ತರ, ಅದೇ ಮೂರು ದಾಖಲೆಗಳ ಮಾತು. ಮುಖ್ಯಗುರುಮಾತೆ ಬಂದು ನೋಡಿ, ನೀವು ಲೇಖನವನ್ನು ಪಟ್ಟಿಗೂ ಹಾಕಿದ್ದೀರಿ, ಸಂಭಾಷಣೆಗೂ ಅಂಟಿಸಿದ್ದೀರಿ, ಪಟ್ಟಿಯಿಂದ ತೆಗೆದರೆ ಅಂಟಿಸಿದ್ದು ಹೋಗುವುದಿಲ್ಲ ಎಂದು ವಿವರಿಸಿದಳು. ಅಂಟಿಸಿದ್ದು ಹೋದರೂ, ಅದನ್ನು ನೋಡಿ ಯಂತ್ರ ಈಗಾಗಲೇ ಆಡಿದ ಮಾತು ಆ ಸಂಭಾಷಣೆಯಲ್ಲಿ ಹಾಗೆಯೇ ಇರುತ್ತದಂತೆ. ಅದನ್ನೇ ಓದಿಕೊಂಡು ಅದು ಮುಂದೆ ಮಾತಾಡುತ್ತದಂತೆ. ಒಮ್ಮೆ ಸಭೆಯಲ್ಲಿ ಆಡಿದ ಮಾತಿನ ಗತಿಯೇ ಇದರದೂ ಎಂದು ನನಗೆ ಅನ್ನಿಸಿತು.

ಹೊಸ ಸಂಭಾಷಣೆ ತೆರೆದು, ರಜಿಸ್ಟರಿನ ನಲವತ್ತೊಂದು ಫೈಲುಗಳನ್ನು ಮಾತ್ರ ಉಳಿಸಿ ಕೇಳಿದೆ. ಈಗ ಮೂರು ದಾಖಲೆಗಳ ಮಾತು ಇರಲಿಲ್ಲ. ಆದರೆ ಫಲಿತಾಂಶ ಅದೇ: ಮೂವತ್ತು ಮೊದಲು, ಮೂವತ್ತನಾಲ್ಕು ಆಮೇಲೆ, ನೀವು ಕೊಟ್ಟ ಕ್ರಮದ ಪ್ರಕಾರ. ನನಗೆ ಉಸಿರು ಬಂದಂತಾಯಿತು. ಉಸಿರು ಬಂದದ್ದಕ್ಕೇ ಅನುಮಾನವೂ ಬಂತು. ನನ್ನ ಮಾತನ್ನೆಲ್ಲ ತೆಗೆದುಹಾಕಿದೆ ಎಂದುಕೊಂಡರೆ, ಉತ್ತರದ ಕೊನೆಯಲ್ಲಿ ಮತ್ತೆ 'ನೀವು'.

ಆ ದಿನಗಳಲ್ಲಿ ನಾನು ಬೆಳಿಗ್ಗೆ ಶಾಲೆಗೆ ಹೋದರೆ ಬಾಗಿಲು ಹಾಕುವ ತನಕ ಅಲ್ಲಿಂದ ಕದಲುತ್ತಿರಲಿಲ್ಲ. ಪಟ್ಟಿಯನ್ನು ಹೊಸದರಿಂದ ಹಳೆಯದಕ್ಕೆ ಜೋಡಿಸಿ ನೋಡುತ್ತಿದ್ದೆ, ಹೆಸರಿನ ಪ್ರಕಾರ ಜೋಡಿಸಿ ನೋಡುತ್ತಿದ್ದೆ. ಹೇಗೆ ಜೋಡಿಸಿದರೂ ನಾನಿಟ್ಟ ಅಂಕಿಗಳೇ ನನ್ನ ಎದುರು ಸಾಲಾಗಿ ನಿಲ್ಲುತ್ತಿದ್ದವು. ಒಬ್ಬ ಮನುಷ್ಯನನ್ನು ತನ್ನದೇ ಕೈಬರಹದ ಕೋಣೆಯಲ್ಲಿ ಕೂಡಿಹಾಕಿದಂತೆ. ಅಧ್ಯಕ್ಷರು ದಾರಿಯಲ್ಲಿ ಸಿಕ್ಕಾಗಲೆಲ್ಲ ನಿಮ್ಮ ಮಷೀನು ಇನ್ನೇನು ಹೇಳಿತೆಂದು ಕೇಳುತ್ತಿದ್ದರು. ಚಿಂಚೋಳಿಯಿಂದ ಅವ್ವ ಮೂರು ಸಲ ಫೋನು ಮಾಡಿಸಿ, ಕಲ್ಲು ಆಯಿತೇ ಎಂದು ವಿಚಾರಿಸಿದಳು. ಆಕೆಯನ್ನು ಕರೆತರಲು ಗಾಡಿ ಮಾತಾಡಿದ್ದಾರೆಂದೂ, ಉಡಲು ಇಳಕಲ್ ಸೀರೆ ತೆಗೆದಿಟ್ಟಿದ್ದಾಳೆಂದೂ ಆಕೆಯ ಮಗಳು ಹೇಳಿದಳು.

ಕೊನೆಗೆ, ಯಂತ್ರದ ಓದನ್ನು ಒಬ್ಬ ಮನುಷ್ಯನಿಂದ ತಾಳೆ ಮಾಡಿಸಲೇಬೇಕೆಂದು ವಾಡಿಗೆ ಹೋದೆ. ಅಲ್ಲಿ ರೈಲ್ವೆಯ ಪಾರ್ಸೆಲ್ ಕಚೇರಿಯಿಂದ ನಿವೃತ್ತರಾದ, ನನ್ನ ಹಳೆಯ ಪರಿಚಯದ ಒಬ್ಬ ಸಾಹೇಬರಿದ್ದಾರೆ, ಹಳೆಯ ಉರ್ದು ಕೈಬರಹವನ್ನು ಸಲೀಸಾಗಿ ಓದುವವರು. ಸಿಮೆಂಟಿನ ಧೂಳು ಕೂತ ಅಂಗಳದಲ್ಲಿ ಕುರ್ಚಿ ಹಾಕಿ, ಚಹಾ ತರಿಸಿ, ನನ್ನ ಫೋನನ್ನು ಕೈಗೆ ತೆಗೆದುಕೊಂಡರು. ಮೊದಲನೆಯ ಫೋಟೊ ನೋಡಿದರು. ಎರಡನೆಯದು ನೋಡಿದರು. ಆಮೇಲೆ ಬೆರಳಿನಿಂದ ಸರಸರನೆ ಸರಿಸುತ್ತ ಒಮ್ಮೆಲೇ ಕೊನೆಗೆ ಹೋದರು.

"ಯಜಮಾನ್ರ, ಇದಕ್ಕ ಒಂದನೇ ನಂಬರ್ ಕೊಟ್ಟವರು ಯಾರ್ರಿ?"

ನಾನೇ ಎಂದೆ.

"ಕಿತಾಬ ಹಿಂದಿನಿಂದ ಓದ್ಲಿಕತ್ತೀರಿ. ನಲವತ್ತೊಂದನೇದರಾಗ ಮ್ಯಾಲ ಏನ್ ಬರದದ ನೋಡ್ರಿ. ಆಗಾಜ್. ಆಗಾಜ್ ಅಂದ್ರ ಶುರು. ಉರ್ದು ಕಿತಾಬ ಬಲಕ್ಕ ತೆರಿತದ, ನಿಮಗ ಗೊತ್ತಿಲ್ಲೇನು? ಇಷ್ಟ ವರ್ಷ ನಮ್ಮ ಜೋಡಿ ಉರ್ದು ಮಾತಾಡೀರಿ."

ನನಗೆ ಗೊತ್ತಿತ್ತು. ಗೊತ್ತಿಲ್ಲವೆಂದು ಹೇಳುವ ಅವಕಾಶವೂ ನನಗಿಲ್ಲ. ಉರ್ದು ಬಲದಿಂದ ಎಡಕ್ಕೆ ಹರಿಯುವುದನ್ನು ಕಾರ್ಖಾನೆಯ ಚೀಟಿಗಳಲ್ಲಿ, ಅಂಗಡಿಯ ಹಲಗೆಗಳಲ್ಲಿ ಹುಟ್ಟಿದಾಗಿನಿಂದ ಕಂಡವನು. ಆದರೆ ಖಾಕಿ ಹೊದಿಕೆಯ ಮೇಲೆ ಕನ್ನಡದ ಚೀಟಿ ಕಂಡೊಡನೆ ನನ್ನ ಕೈ ಕನ್ನಡದ ಪುಸ್ತಕ ತೆರೆಯುವಂತೆ ತೆರೆದಿತ್ತು. ಅದಕ್ಕಿಂತ ಹೀನವಾದದ್ದು ಇನ್ನೊಂದು. ಯಂತ್ರ ತನ್ನ ಓದಿನಲ್ಲಿ ನಲವತ್ತೊಂದನೆಯ ಫೈಲಿನ ಕೆಳಗೆ 'ಮೇಲ್ಭಾಗದಲ್ಲಿ ಆರಂಭ ಎಂಬರ್ಥದ ಪದವಿದೆ, ಬಹುಶಃ ಹೊಸ ವಿಭಾಗ' ಎಂದು ಬರೆದಿತ್ತು. ನಾನದನ್ನು ಓದಿದ್ದೆ, ಓದಿ ಮುಂದೆ ಹೋಗಿದ್ದೆ. ಹೋಗದಿದ್ದರೆ ನನಗೆ ಬೇಕಾದ ಉತ್ತರ ಕೈತಪ್ಪುತ್ತಿತ್ತು.

ಊರಿಗೆ ಮರಳಿ ಮತ್ತೆ ಹೆಸರಿಟ್ಟೆ. ನಲವತ್ತೊಂದು ಒಂದಾಯಿತು, ಒಂದು ನಲವತ್ತೊಂದಾಯಿತು. ಹಳೆಯವನ್ನೆಲ್ಲ ತೆಗೆದು ಹೊಸವನ್ನು ಹಾಕಿ, ಹೊಸ ಸಂಭಾಷಣೆಯಲ್ಲಿ ಅದೇ ಪ್ರಶ್ನೆ ಕೇಳಿದೆ. ಗೌಡರ ಮಗಳು ಎಂಟನೆಯ ಪುಟದಲ್ಲಿ, ಕಲ್ಲುಕುಟಿಗನ ಮಗಳು ಹನ್ನೆರಡನೆಯ ಪುಟದಲ್ಲಿ. ಆದ್ದರಿಂದ ಗೌಡರ ಮಗಳೇ ಮೊದಲಿಗಳು, ನೀವು ಕೊಟ್ಟ ಕ್ರಮದ ಪ್ರಕಾರ. ಹಿಂದೆ ಎಷ್ಟು ಮರ್ಯಾದೆಯಿಂದ ಒಂದನ್ನು ಹೇಳಿತ್ತೋ ಅಷ್ಟೇ ಮರ್ಯಾದೆಯಿಂದ ಅದರ ವಿರುದ್ಧವನ್ನೂ ಹೇಳಿತು. ನಾನು ಬಹಳ ಹೊತ್ತು ಕುರ್ಚಿಯಿಂದ ಏಳಲಿಲ್ಲ. ಮುಖ್ಯಗುರುಮಾತೆ ಓದಿ ನೋಡಿದಳು. ನನ್ನ ಮುಂದೆ ನೀರಿನ ಲೋಟ ಇಟ್ಟು ಪಾಠಕ್ಕೆ ಹೋದಳು.

ಶಹಾಬಾದಿಗೆ ಫೋನು ಮಾಡಿ ಕಲ್ಲನ್ನು ನಿಲ್ಲಿಸಿದೆ. ಪಾಲಿಶ್ ಆಗಿತ್ತು, ಸೀಮೆಸುಣ್ಣದ ಗೆರೆ ಬಿದ್ದಿತ್ತು, ಉಳಿ ಬಿದ್ದಿರಲಿಲ್ಲ. ಅಧ್ಯಕ್ಷರಿಗೆ ಹೇಳುವುದು ನನ್ನ ಮಾನದ ಪ್ರಶ್ನೆ, ಅದು ಹೇಗೋ ಆದೀತು. ಅವ್ವನಿಗೆ ಹೇಳುವುದನ್ನು ಫೋನಿನಲ್ಲಿ ಮುಗಿಸಲು ಮನಸ್ಸು ಒಪ್ಪಲಿಲ್ಲ. ಕೇಳದಿದ್ದವಳ ಮುಂದೆ ಹೋಗಿ ಒಂದು ಹೆಸರನ್ನು ಇಟ್ಟವನು ನಾನು, ಅದನ್ನು ಹಿಂದಕ್ಕೆ ಎತ್ತಿಕೊಳ್ಳಬೇಕಾದವನೂ ನಾನೇ.

ಕಾಳಗಿಯಲ್ಲಿ ಬಸ್ಸು ಬದಲಿಸಿ ಚಿಂಚೋಳಿಗೆ ಹೋದೆ. ದಾರಿಯುದ್ದಕ್ಕೂ, ವಿಷಯವನ್ನು ಯಾವ ತುದಿಯಿಂದ ಶುರುಮಾಡಲಿ ಎಂದು ವಾಕ್ಯಗಳನ್ನು ಕಟ್ಟುತ್ತ ಕೆಡವುತ್ತ ಕುಳಿತಿದ್ದೆ. ಎರಡು ನಿಲ್ದಾಣಗಳಲ್ಲಿ ಇಳಿದುಬಿಡಬೇಕೆನಿಸಿತು. ಅವ್ವ ಬಾಗಿಲ ಒಳಗೆ ಮಂಚದ ಮೇಲೆ ಕುಳಿತಿದ್ದಳು. ಇಳಕಲ್ ಸೀರೆಯನ್ನು ನನಗೆ ತೋರಿಸಲೆಂದೇ ಪಕ್ಕದಲ್ಲಿಟ್ಟುಕೊಂಡಿದ್ದಳು. ನಾನು ಸೀರೆಯ ಕಡೆ ನೋಡದೆ, ರಜಿಸ್ಟರು ತಿರುಗುಮುರುಗಾದದ್ದನ್ನೂ ಗೌಡರ ಮಗಳ ಪುಟ ಮುಂದಿರುವುದನ್ನೂ ಹೇಳಿ ಮುಗಿಸಿದೆ.

ಆಕೆ ನನ್ನನ್ನು ದಿಟ್ಟಿಸಿ ಕೇಳಿದಳು.

"ಮೊದ್ಲ ಹೋದಾಕಿ ನಾ ಅಂತ ನಾ ಯಾವಾಗ ಅಂದೆ ತಮ್ಮಾ? ನೀನ ಅಂದಿ. ಇಷ್ಟ ವರ್ಷ ಆದ ಮ್ಯಾಲ ಒಬ್ಬ ಬಂದು ಕೇಳ್ಲಿಕತ್ತಾನ ಅಂದ್ರ ಹೂಂ ಅನ್ನದ ಏನ್ ಅನ್ಲಿ?"

ನನ್ನ ಟಿಪ್ಪಣಿಯಲ್ಲಿ 'ತಾನೇ ಮೊದಲು ಹೋದದ್ದಾಗಿ ಸ್ಪಷ್ಟವಾಗಿ ಹೇಳಿದರು' ಎಂದು ನಾನು ಬರೆದಿದ್ದೆ.

"ನಾ ಹೋದಾಗ ಗೌಡರ ಮಗಳು ಒಳಗ ಕುಂತಿದ್ಳು. ನಾ ನೋಡೀನಿ. ಕಿಟಕಿ ಕೆಳಗ ನಿಂತು ನೋಡೀನಿ."

"ನಿಂತು?"

"ಒಳಗ ಯಾರು ಬಿಟ್ಟಾರ ನನಗ? ನನ್ನ ಜಾಗಾ ಹೊರಗ, ಕಿಟಕಿ ಕೆಳಗ, ಬಂಡಿಗಲ್ಲಿನ ಮ್ಯಾಲ. ಮಾಸ್ತರ ಹಲಗಿ ಮ್ಯಾಲ ಬರದ್ರ ನನಗ ಕಾಣ್ತಿದ್ದಿಲ್ಲ. ಕಿವೀಲೆ ಕಲತೆ. ಮಳಿ ಬಂದ್ರ ಮನಿಗಿ." ಆಕೆ ಸೀರೆಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. "ನೀ ಬಂದಾಗ ಯಾರು ಮೊದ್ಲು, ಯಾರು ಮೊದ್ಲು ಅಂತ ಇದನ್ನೇ ಕೇಳಿದಿ. ಎಲ್ಲಿ ಕುಂತಿದ್ದಿ ಅಂತ ಕೇಳ್ಲೇ ಇಲ್ಲ. ಹುಡುಗ್ಯಾರಾಗ ಹೊರಗ ಕುಂತಾಕಿ ನಾ ಒಬ್ಬಾಕೆ. ಮೊದಲ್ನೇ ನಂಬರು ಕೊಡಲೇಬೇಕಿದ್ರ ಅಲ್ಲಿ ಕೊಡು."

ಒಳಗಿನಿಂದ ಆಕೆಯ ಮಗಳು ನಕ್ಕದ್ದು ಕೇಳಿಸಿತು. ಅವ್ವ ನಗಲಿಲ್ಲ.

ಹಳೆಯ ಸಂಚಿಕೆಯ ಮೂರು ವಾಕ್ಯಗಳಲ್ಲಿ ನಾನು ಇಷ್ಟು ವರ್ಷ ಮೊದಲನೆಯದರೊಡನೆ ಗುದ್ದಾಡಿದ್ದೆ. ಅದು ನಿಜವಾಗಿತ್ತು. ಮೂರನೆಯದನ್ನು, ಎಲ್ಲರೂ ಒಂದೇ ಚಾಪೆಯ ಮೇಲೆ ಕುಳಿತರೆಂಬುದನ್ನು, ನಾನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಅದನ್ನು ಸಂಶಯಿಸುವ ಕೆಲಸವೇ ನನಗೆ ಬಿದ್ದಿರಲಿಲ್ಲ. ಒಳಗೆ ಕುಳಿತು ಕಲಿತವರ ಮನೆಯವನು ನಾನು. ನನ್ನ ಅಪ್ಪ ಅದೇ ಕೋಣೆಯಲ್ಲಿ ಕುಳಿತವನು.

ಹಾಗಾದರೆ ಕಲ್ಲಿನ ಮೇಲೆ ನಿನ್ನ ಹೆಸರು ಬೇಡವೇ ಎಂದು ಕೇಳಿದೆ.

"ಬೇಕು," ಎಂದಳು. "ಹೆಸರ ಹಾಕ್ರಿ, ನಮ್ಮಪ್ಪಂದೂ ಹಾಕ್ರಿ. ಎಲ್ಲಿ ಕುಂತಿದ್ಳು ಅಂಬೋದೂ ಹಾಕ್ರಿ. ಅಷ್ಟ ಹಾಕಿದ್ರ ಈ ಸೀರಿ ಉಟಗೊಂಡು ಬರ್ತೀನಿ. ಇಲ್ಲಾಂದ್ರ ಬರಂಗಿಲ್ಲ."

ಒಬ್ಬಳ ಬಾಯಿಮಾತನ್ನು ಕಲ್ಲಿನ ಮೇಲೆ ಕೆತ್ತಲು ಸಮಿತಿ ಒಪ್ಪದೆಂದು ನನಗೆ ಗೊತ್ತಿತ್ತು. ಆಕೆಯನ್ನು ನಂಬಲು ನನಗೆ ಕಾಗದ ಬೇಕಿರಲಿಲ್ಲ, ಸಮಿತಿಗೆ ಬೇಕಿತ್ತು. ವಾಡಿಯ ಸಾಹೇಬರನ್ನು ಒಂದು ದಿನಕ್ಕೆ ಊರಿಗೆ ಬರಬೇಕೆಂದು ಬೇಡಿಕೊಂಡೆ. ಫೋಟೊ ನೋಡುವುದು ಸಾಕು, ರಜಿಸ್ಟರನ್ನೇ ನೋಡೋಣ ಎಂದೆ. ಅವರು ಶಾಲೆಯ ಕಚೇರಿಯಲ್ಲಿ ಕುಳಿತು, ಖಾಕಿ ಹೊದಿಕೆಯನ್ನು ಬಲಗಡೆಗೆ ತೆರೆದು, ಹನ್ನೆರಡನೆಯ ಪುಟಕ್ಕೆ ಬಂದು, ಅವ್ವನ ಹೆಸರಿನ ಮೇಲೆ ಬೆರಳಿಟ್ಟು ಎಡಕ್ಕೆ ಸರಿಸುತ್ತ ಹೋದರು. ತಂದೆಯ ಹೆಸರು, ಜಾತಿ, ಕಸುಬು, ಊರು. ಬೆರಳು ಹೊಲಿಗೆಯ ಬಳಿ ನಿಂತಿತು. ಇಲ್ಲಿ ಇನ್ನೂ ಒಂದು ಖಾನೆ ಇರಬೇಕಲ್ಲ, ಕೈಫಿಯತ್ ಎಲ್ಲಿ ಎಂದು ತಾವೇ ಕೇಳಿಕೊಂಡರು. ಕೈಫಿಯತ್ ಎಂದರೆ ಷರಾ ಬರೆಯುವ ಖಾನೆ. ಗಂಟು ಬಿಗಿಯಾಗಿದ್ದ ಹೊಲಿಗೆಯನ್ನು ಎರಡೂ ಹೆಬ್ಬೆರಳುಗಳಿಂದ ಒತ್ತಿ ಅಗಲಿಸಿದರು. ನನ್ನ ನಲವತ್ತೊಂದು ಫೋಟೊಗಳಲ್ಲಿ ಒಂದರಲ್ಲೂ ಬೀಳದಿದ್ದ ಒಂದು ಬೆರಳಗಲದ ಕಾಗದ ಅಲ್ಲಿ ತೆರೆದುಕೊಂಡಿತು. ಗೆದ್ದಲು ಒಳಗೆ ಬಂದಿರಲಿಲ್ಲ. ಶಾಯಿ ನಿನ್ನೆ ಬರೆದಂತಿತ್ತು.

"ಬಾಹರ್," ಎಂದು ಓದಿದರು.

ಹೊರಗೆ ಎಂದಿದ್ದರೆ, ಬೇರೆ ಊರಿನಿಂದ ಬಂದವಳು ಎಂಬ ಅರ್ಥವೂ ಆಗಬಹುದಲ್ಲ ಎಂದು ನಾನೇ ತಕರಾರು ತೆಗೆದೆ. ಈ ಸಲ ನನ್ನ ಇಷ್ಟವನ್ನು ನಾನು ನಂಬಲು ಸಿದ್ಧನಿರಲಿಲ್ಲ. ಸಾಹೇಬರು ಊರಿನ ಖಾನೆ ತೋರಿಸಿದರು. ಅಲ್ಲಿ ನಮ್ಮೂರ ಹೆಸರೇ ಇತ್ತು. ಮುಂದಿನ ಪುಟಗಳನ್ನು ಒತ್ತಿ ನೋಡಿದಾಗ, ಅದೇ ಓಣಿಯ ಇಬ್ಬರು ಹುಡುಗರ ಹೆಸರಿನ ಮುಂದೆಯೂ ಅದೇ ಪದ. ಎಂಟನೆಯ ಪುಟದಲ್ಲಿ, ಗೌಡರ ಮಗಳ ಹೆಸರಿನ ಮುಂದೆ, ಆ ಖಾನೆ ಖಾಲಿ.

ಮುಖ್ಯಗುರುಮಾತೆ ಫೋನು ಎತ್ತಿ, ಸಾಹೇಬರ ಹೆಬ್ಬೆರಳುಗಳು ಸಮೇತ ಆ ಜಾಗದ ಫೋಟೊ ತೆಗೆದಳು. ಇದನ್ನೂ ವರ್ಕ್‌ಸ್ಪೇಸಿಗೆ ಹಾಕಲೇ ಎಂದು ಕೇಳಿದಳು. ಹಾಕಿ, ಹೆಸರನ್ನು ಮಾತ್ರ ನೀವೇ ಇಡಿ ಎಂದೆ.

ಸಮಿತಿಯ ಮುಂದೆ ನನ್ನ ತಪ್ಪನ್ನು ಮೊದಲು ಹೇಳಿ, ಆಮೇಲೆ ಇದನ್ನು ಹೇಳಿದೆ. ಮೊದಲನೆಯದನ್ನು ಎಲ್ಲರೂ ನಗುತ್ತ ಕ್ಷಮಿಸಿದರು. ಎರಡನೆಯದಕ್ಕೆ ಯಾರೂ ನಗಲಿಲ್ಲ. ಶಾಲೆಯ ಬಾಗಿಲಿಗೆ ಅಂಥ ಮಾತನ್ನು ಹೇಗೆ ಕೆತ್ತಿಸುವುದು, ಮಕ್ಕಳು ಓದುತ್ತಾರೆ ಎಂದು ಅಧ್ಯಕ್ಷರು ಮೆಲ್ಲಗೆ ಹೇಳಿದರು. ಬೇಡವೆಂದೂ ಹೇಳಲಿಲ್ಲ, ಆಗಲೆಂದೂ ಹೇಳಲಿಲ್ಲ. ಅತ್ತೆಯ ಹೆಸರೊಂದನ್ನೇ ಕೆತ್ತಿಸಿ ಮುಗಿಸೋಣ ಎಂದವರಿಗೂ ಅವರು ಒಪ್ಪಿಗೆ ಕೊಡಲಿಲ್ಲ. ಹೀಗಾಗಿ ಕಲ್ಲು ಶಹಾಬಾದಿನಿಂದ ಬಂದು, ಹೊಸ ಕೋಣೆಯ ಗೋಡೆಗೆ ಒರಗಿ ನಿಂತಿದೆ. ಅದರ ಮೇಲೆ ಇಂದಿಗೂ ಒಂದಕ್ಷರವಿಲ್ಲ. ನಾನು ದಿನವೂ ಅದರ ಮುಂದೆ ಹಾದುಹೋಗಬೇಕು. ನನ್ನ ಮನೆಗೆ ಬೇರೆ ದಾರಿಯಿಲ್ಲ.

ಇದು ನನ್ನ ಹೇಳಿಕೆ. ನನ್ನ ಹೇಳಿಕೆಗಳ ಬೆಲೆ ಎಷ್ಟೆಂಬುದನ್ನು ಮೇಲೆ ವಿವರಿಸಿದ್ದೇನೆ, ಆದ್ದರಿಂದ ಇದನ್ನು ನಂಬಬೇಕಾಗಿಲ್ಲ. ಗುಂಡಗುರ್ತಿಯಲ್ಲಿ ಬಸ್ಸಿಳಿದು, ಅಕ್ಷರವಿಲ್ಲದ ಕಲ್ಲು ಇರುವ ಶಾಲೆ ಯಾವುದೆಂದು ಕೇಳಿದರೆ ದಾರಿ ತೋರಿಸುತ್ತಾರೆ. ರಜಿಸ್ಟರು ಕಬ್ಬಿಣದ ಕಪಾಟಿನ ಎರಡನೆಯ ಅರೆಯಲ್ಲಿದೆ, ಶಾಲೆ ನಡೆಯುವ ಹೊತ್ತಿನಲ್ಲಿ ಮುಖ್ಯಗುರುಮಾತೆ ಯಾರಿಗಾದರೂ ತೆಗೆದುಕೊಡುತ್ತಾಳೆ. ಬಲಗಡೆಯಿಂದ ತೆರೆಯಬೇಕು. ಹನ್ನೆರಡನೆಯ ಪುಟ, ಮೇಲಿನಿಂದ ಐದನೆಯ ಸಾಲು. ಹೊಲಿಗೆಯನ್ನು ಎರಡೂ ಹೆಬ್ಬೆರಳುಗಳಿಂದ ಒತ್ತಿ ಹಿಡಿಯದಿದ್ದರೆ ಪದ ಕಾಣುವುದಿಲ್ಲ. ಒತ್ತಿ ಹಿಡಿದರೆ, ಬೇ, ಅಲಿಫ್, ಹೇ, ರೇ, ನಾಲ್ಕೇ ಅಕ್ಷರ. ಅಷ್ಟನ್ನು ಓದುವುದು ಈಗ ನನಗೂ ಬರುತ್ತದೆ.